ಆಯುಷ್ಯದ ಲೆಕ್ಕ

ಹಿಂದೆ ಮನೆತನದ ಕಾಗದಪತ್ರಗಳು ಮರದ ಪೆಟ್ಟಿಗೆಯಲ್ಲಿರುತ್ತಿದ್ದುವು. ಈಗ ಮದುವೆಯ ಚಿತ್ರಗಳೂ ಗತಿಸಿದ ಹಿರಿಯರ ಧ್ವನಿಯೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಅಡಗಿರುವುವು. ಇದರ ಆಯುಸ್ಸೆಷ್ಟು, ಇದನ್ನು ಯಾವಾಗ ಬದಲಾಯಿಸತಕ್ಕದ್ದು ಎಂದು ಗೃಹಸ್ಥರು ಕೇಳುವುದುಂಟು. ಉತ್ತರಕ್ಕಾಗಿ ನಾವು ಮನುಷ್ಯರ ಆಯುಸ್ಸನ್ನು ಎಣಿಸುವ ಶಾಸ್ತ್ರವನ್ನೇ ಆಶ್ರಯಿಸಬೇಕು. ಅದನ್ನು ಬಲ್ಲವರಿಗೆ ಆಕ್ಚುಯರಿ ಎಂದು ಹೆಸರು.

ಧೂಮಕೇತುವಿನಿಂದ ಪ್ರಸಿದ್ಧನಾದ ಎಡ್ಮಂಡ್ ಹ್ಯಾಲಿಯು 1693ರಲ್ಲಿ, ಬ್ರೆಸ್ಲೌ ಪಟ್ಟಣದ ಜನನಮರಣಗಳ ದಾಖಲೆಯಿಂದ, ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಉಳಿಯುವರೆಂಬ ಕೋಷ್ಟಕವನ್ನು ರಚಿಸಿದನು. 1762ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಈಕ್ವಿಟೆಬಲ್ ಸಂಘವು ಇಂತಹ ಗಣನೆಯಿಂದ ವಯಸ್ಸಿಗೆ ತಕ್ಕ ವಿಮೆಯ ಕಂತನ್ನು ನಿಗದಿಮಾಡಿತು. ನಮ್ಮ ದೇಶದಲ್ಲಿ 1944ರಲ್ಲಿ ಆರಂಭವಾದ ಆಕ್ಚುಯರಿಗಳ ಸಂಘವು 2006ರ ಶಾಸನದಿಂದ ಇನ್‌ಸ್ಟಿಟ್ಯೂಟ್ ಆಯಿತು. ಗಣಿತದಲ್ಲಿ ಅಭಿರುಚಿಯುಳ್ಳ ಬಾಲಕ ಬಾಲಿಕೆಯರು ಪಿ.ಯು.ಸಿ. ಮುಗಿಸಿ ಅದರ ಪ್ರವೇಶಪರೀಕ್ಷೆಗೆ ಕುಳಿತುಕೊಳ್ಳಬಹುದು. ಅನಂತರದ ಪರೀಕ್ಷೆಗಳು ಕಠಿನವಾದುವು. ಅನೇಕರು ಉದ್ಯೋಗದಲ್ಲಿದ್ದುಕೊಂಡೇ ಅವನ್ನು ವರ್ಷಗಟ್ಟಲೆ ಬರೆಯುವರು. ತಾಯಿತಂದೆಗಳು ಆತುರಪಡಬಾರದು.

ಈ ಲೆಕ್ಕವು ಯಂತ್ರಗಳಿಗೂ ಸಲ್ಲುವುದು. ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆಯು 2013ರಲ್ಲಿ ತನ್ನ ಸುಮಾರು 25,000 ಡಿಸ್ಕುಗಳ ಗತಿಯನ್ನು ಪ್ರಕಟಿಸಿತು. ಮೊದಲ ಒಂದೂವರೆ ವರ್ಷದಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 5, ಮುಂದಿನ ಒಂದೂವರೆ ವರ್ಷದಲ್ಲಿ ಒಂದು ಒಂದೂವರೆಯಷ್ಟು, ಮೂರು ವರ್ಷ ದಾಟಿದ ಮೇಲೆ ಸುಮಾರು 12 ಕೆಡುತ್ತಿದ್ದುವು. ಬಾಲ್ಯದಲ್ಲಿಯೂ ವಾರ್ಧಕದಲ್ಲಿಯೂ ಅಪಾಯ ಹೆಚ್ಚು ಎಂಬ ಮನುಷ್ಯಧರ್ಮವೇ ಇಲ್ಲಿಯೂ ಕಾಣುವುದು. ಈಚಿನ ಡಿಸ್ಕುಗಳು ಇವಕ್ಕಿಂತ ದೀರ್ಘಾಯುಗಳೆಂದು ಅದೇ ಸಂಸ್ಥೆಯ ಮುಂದಿನ ಲೆಕ್ಕಗಳು ತಿಳಿಸುವುವು.

ಆದರೆ ಒಂದು ವಿಷಯವನ್ನು ಮರೆಯಲಾಗದು. ಕೋಷ್ಟಕವು ಸಮಷ್ಟಿಯನ್ನು ಕುರಿತದ್ದು, ವ್ಯಷ್ಟಿಯನ್ನಲ್ಲ. ನೂರರಲ್ಲಿ ಐದು ಕೆಡುವುವೆಂದು ಅದು ಹೇಳೀತು; ಆ ಐದರಲ್ಲಿ ನಮ್ಮದೂ ಒಂದೇ ಎಂಬುದನ್ನು ಹೇಳಲಾರದು. ಗೂಗಲ್ ಸಂಸ್ಥೆಯವರು 2007ರಲ್ಲಿ ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಪರಿಶೀಲಿಸಿದಾಗ, ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಬಲವಾದ ಮುನ್ಸೂಚನೆಯೊಂದನ್ನೂ ತೋರದೆ ಕೆಟ್ಟಿದ್ದುವು.

ಆದುದರಿಂದ ವಿವೇಕಿಯಾದವನು ಭವಿಷ್ಯವನ್ನು ಕೇಳದೆ ಏರ್ಪಾಟನ್ನು ಮಾಡುವನು. ಒಂದು ಡಿಸ್ಕು ವರ್ಷದೊಳಗೆ ಕೆಡುವ ಸಂಭವ ಇಪ್ಪತ್ತರಲ್ಲಿ ಒಂದಾದರೆ, ಪರಸ್ಪರ ಸಂಬಂಧವಿಲ್ಲದ ಎರಡೂ ಕೆಡುವ ಸಂಭವ ನಾನೂರರಲ್ಲಿ ಒಂದು. ಒಂದೇ ಬೀರುವಿನಲ್ಲಿಟ್ಟರೆ ಈ ಲೆಕ್ಕ ನಿಲ್ಲದು. ಬೆಂಕಿಗೂ ಕಳ್ಳನಿಗೂ ಎರಡೂ ಒಟ್ಟಿಗೆ ಸಿಕ್ಕುವುವು. ಒಂದು ಪ್ರತಿಯನ್ನು ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಇಡುವುದು ಲೇಸು. ಮೂರು ತಿಂಗಳಿಗೊಮ್ಮೆ ತೆರೆದು ನೋಡತಕ್ಕದ್ದು. ವಿಚಿತ್ರವಾದ ಸದ್ದು ಕೇಳಿದರೆ, ಕಡತ ತೆರೆಯದಿದ್ದರೆ, ಆ ದಿನವೇ ಹೊಸದಕ್ಕೆ ನಕಲು ಮಾಡತಕ್ಕದ್ದು. ಯಾವ ದೋಷವೂ ಕಾಣದಿದ್ದರೂ ನಾಲ್ಕೈದು ವರ್ಷಕ್ಕೊಮ್ಮೆ ಹೊಸದನ್ನು ಕೊಂಡು, ಹಳೆಯದನ್ನು ಮೂರನೆಯ ಪ್ರತಿಯಾಗಿ ಉಳಿಸಿಕೊಳ್ಳಬಹುದು.

ಹೊಸ ಡಿಸ್ಕಿನ ಬೆಲೆ ಕೆಲವು ಸಾವಿರ ರೂಪಾಯಿ. ಅಗಲಿದ ತಾಯಿಯ ಧ್ವನಿಗೆ ಬೆಲೆಯಿಲ್ಲ. ಆಕ್ಚುಯರಿಯು ಹಾಕುವ ಲೆಕ್ಕವೂ ಕೊನೆಗೆ ಇಷ್ಟೆ: ಸಣ್ಣ ವೆಚ್ಚವನ್ನು ಮೊದಲೇ ಹೊತ್ತು, ಹೊರಲಾರದ ನಷ್ಟವನ್ನು ತಪ್ಪಿಸಿಕೊಳ್ಳುವುದು.