ಕುಂಚ ಹಿಡಿದು ಇಟಲಿಯ ಹಳ್ಳಿಗಳಿಗೆ

ಇಟಲಿಯ ಚಿತ್ರಕಲೆಯೆಂದೊಡನೆ ನಮ್ಮಲ್ಲಿ ಅನೇಕರಿಗೆ ರೋಮ್, ಫ್ಲಾರೆನ್ಸ್, ವೆನಿಸ್ ನಗರಗಳು ನೆನಪಿಗೆ ಬರುತ್ತವೆ. ಆ ನಗರಗಳ ಚಿತ್ರಶಾಲೆಗಳಲ್ಲಿ ಒಂದು ದಿನ ಅಡ್ಡಾಡಿದವನು ನೂರಾರು ಚಿತ್ರಗಳನ್ನು ಕಂಡು, ಸಂಜೆಯ ವೇಳೆಗೆ ಒಂದನ್ನೂ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳದೆ ಹೊರಕ್ಕೆ ಬರುವುದುಂಟು. ಇದಕ್ಕಿಂತ ಬೇರೆ ತೆರನಾದ ಯಾತ್ರೆಯೊಂದಿದೆ. ಬಣ್ಣದ ಪೆಟ್ಟಿಗೆಯೊಡನೆ ಟಸ್ಕನಿ ಅಥವಾ ಉಂಬ್ರಿಯಾ ಪ್ರಾಂತದ ಹಳ್ಳಿಯೊಂದಕ್ಕೆ ಹೋಗಿ, ಒಂದು ವಾರ ಅಲ್ಲಿಯೇ ತಂಗಿ, ಕಂಡದ್ದನ್ನು ಬರೆಯುವ ಯಾತ್ರೆ ಅದು. ಈ ಪದ್ಧತಿ ಹೇಗೆ ಬೆಳೆಯಿತು, ಅದರಿಂದ ದೊರೆಯುವ ಲಾಭವೇನು ಎಂಬುದನ್ನು ಈಗ ವಿಚಾರಮಾಡೋಣ.

ಉತ್ತರ ಯೂರೋಪಿನ ಚಿತ್ರಗಾರರು ರೋಮಿನ ಸುತ್ತಣ ಬಯಲಿಗೆ ಬಂದು ಚಿತ್ರಿಸುವ ರೂಢಿ ಹಳೆಯದು. ಫ್ರಾನ್ಸಿನ ವಾಲಾನ್ಸಿಯೆನ್ ಎಂಬ ಚಿತ್ರಗಾರನು 1800ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ನಿಯಮವನ್ನೇ ಹೇಳಿದನು. ಬೆಳಕು ನಿಲ್ಲುವುದಿಲ್ಲ, ಆದುದರಿಂದ ಬಯಲಿನಲ್ಲಿ ಮಾಡುವ ಅಭ್ಯಾಸಚಿತ್ರಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲ ಸಲ್ಲದು, ಸೂರ್ಯೋದಯ ಸೂರ್ಯಾಸ್ತಗಳಿಗಾದರೋ ಅರ್ಧ ಗಂಟೆಯೇ ಮಿತಿ. ಈ ಪರಂಪರೆಯಲ್ಲಿಯೇ ಕಲಿತ ಕೊರೊ 1825ರಲ್ಲಿ ಇಟಲಿಗೆ ಬಂದನು. ಮರುವರ್ಷ ಅವನು ನಾರ್ನಿ ಎಂಬ ಊರಿನ ಬಳಿ, ನದಿಯ ಮೇಲೆ ಮುರಿದು ನಿಂತ ರೋಮನ್ನರ ಕಾಲದ ಸೇತುವೆಯನ್ನು ಒಂದು ಸಣ್ಣ ಚಿತ್ರದಲ್ಲಿ ಹಿಡಿದನು. ಅದನ್ನೇ ತಿದ್ದಿ, ಬೆಳೆಸಿ, ಮರಗಿಡಗಳಿಂದ ಸಿಂಗರಿಸಿ ದೊಡ್ಡ ಚಿತ್ರವಾಗಿ 1827ರ ಪ್ಯಾರಿಸ್ ಪ್ರದರ್ಶನಕ್ಕೆ ಇಟ್ಟನು. ಇಂದಿನ ರಸಿಕರಲ್ಲಿ ಬಹುಮಂದಿ ಮೆಚ್ಚುವುದು ಪ್ರದರ್ಶನದ ದೊಡ್ಡ ಚಿತ್ರವನ್ನಲ್ಲ, ಬಯಲಿನಲ್ಲಿ ಮಾಡಿದ ಆ ಸಣ್ಣ ಚಿತ್ರವನ್ನು. ನೋಡಿದ ಕ್ಷಣದ ಸತ್ಯ ಅದರಲ್ಲಿ ಉಳಿದಿದೆ.

ಹೀಗೆ ಬಂದವರಿಗೆ ಈಗ ವಸತಿಯಾಗುವ ತೋಟದ ಮನೆಗಳಿಗೂ ಒಂದು ಚರಿತ್ರೆಯಿದೆ. ಮಧ್ಯ ಇಟಲಿಯ ನೆಲವನ್ನು ಶತಮಾನಗಳ ಕಾಲ ರೈತರು ಅರೆಪಾಲಿನ ಮೇಲೆ ಸಾಗುಮಾಡುತ್ತಿದ್ದರು. ನಮ್ಮ ಸೀಮೆಯ ವಾರದ ಪದ್ಧತಿಯಂತೆಯೇ ಬೆಳೆಯ ಒಂದು ಪಾಲು ಒಡೆಯನಿಗೆ, ಒಂದು ಪಾಲು ರೈತನಿಗೆ. ಒಂದೇ ಹೊಲದಲ್ಲಿ ಗೋಧಿ, ದ್ರಾಕ್ಷಿ, ಆಲಿವ್ ಬೆಳೆದು ಸಂಸಾರ ನಡೆಸಿದ ಈ ಜನರ ದುಡಿಮೆಯಿಂದಲೇ ಚಿತ್ರಗಾರರು ಮೆಚ್ಚುವ ಆ ನೆಲದ ರೂಪ ಮೂಡಿತು. ಎರಡನೆಯ ಮಹಾಯುದ್ಧದ ತರುವಾಯ ರೈತರು ಗುಂಪುಗುಂಪಾಗಿ ಪಟ್ಟಣಗಳ ಕಾರ್ಖಾನೆಗಳನ್ನು ಸೇರಿದರು. 1964ರ ಕಾನೂನು ಇಂತಹ ಹೊಸ ಒಪ್ಪಂದಗಳನ್ನು ನಿಷೇಧಿಸಿತು. ಸಾವಿರಾರು ಕಲ್ಲುಮನೆಗಳು ಬರಿದಾದುವು. ಬೇಸಾಯದೊಡನೆ ಅತಿಥಿಗಳಿಗೆ ಇಂಬು ಕೊಡುವುದಕ್ಕೆ 1985ರ ಕಾನೂನು ದಾರಿಮಾಡಿದ ಮೇಲೆ, ಅವುಗಳಲ್ಲಿ ಕೆಲವಕ್ಕೆ ಮತ್ತೆ ದೀಪ ಬಂದಿತು. ಬೆಟ್ಟದ ಸಾಲನ್ನು ಬರೆಯಲು ಕುಳಿತವನು ಇದನ್ನು ಮರೆಯಬಾರದು. ಅವನ ಕಣ್ಣಿಗೆ ಚೆಲುವಾದುದು ಇನ್ನೊಬ್ಬನಿಗೆ ಬೆವರಾಗಿತ್ತು.

ಇಂತಹ ರಜೆಯ ದಿನಚರಿ ಸರಳವಾದುದು. ನೆರಳು ಉದ್ದವಾಗಿರುವ ಬೆಳಗಿನಲ್ಲಿ ಒಂದು ಚಿತ್ರ, ಬಿಸಿಲೇರಿದ ಮೇಲೆ ಊಟ, ವಿಶ್ರಾಂತಿ, ಸಂಜೆಗೆ ಮತ್ತೊಂದು. ಇಲ್ಲಿ ಬಣ್ಣವೂ ನೆಲದ್ದೇ. ಪ್ರಪಂಚದ ಎಲ್ಲ ಬಣ್ಣದ ಪೆಟ್ಟಿಗೆಗಳಲ್ಲಿಯೂ ಇರುವ ಸಿಯೆನ್ನಾ ಎಂಬ ವರ್ಣಕ್ಕೆ ಟಸ್ಕನಿಯ ಸಿಯೆನಾ ನಗರದಿಂದ ಹೆಸರು ಬಂದಿದೆ. ಕಬ್ಬಿಣದ ಅಂಶವುಳ್ಳ ಹಳದಿ ಮಣ್ಣು ಅದು. ಸುಟ್ಟರೆ ಅದರಲ್ಲಿ ಸೇರಿಕೊಂಡಿರುವ ನೀರು ಹೋಗಿ, ಹಳದಿ ಕಾವಿಯಾಗುತ್ತದೆ. ಉತ್ತ ಹೊಲವನ್ನು ಆ ಬಣ್ಣದಿಂದ ಬರೆಯುವವನು ಮಣ್ಣನ್ನು ಮಣ್ಣಿನಿಂದಲೇ ಬರೆದಂತಾಯಿತು.

ಹೀಗೆ ನಾಲ್ಕು ದಿನ ಕಣ್ಣು ಪಳಗಿದ ಮೇಲೆ ಹಳೆಯ ಗುರುಗಳ ಕೃತಿಗಳನ್ನು ನೋಡಲು ಹೋಗಬೇಕು. ಅರೆತ್ಸೊ, ಮೊಂಟೆರ್ಕಿ, ಸಾನ್ ಸೆಪೋಲ್ಕ್ರೊ ಎಂಬ ಮೂರು ಊರುಗಳಲ್ಲಿ 15ನೆಯ ಶತಮಾನದ ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾನ ಭಿತ್ತಿಚಿತ್ರಗಳಿವೆ. ಸುಣ್ಣ ಮರಳುಗಳ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿದರೆ, ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಬಂಧಿಸಿಕೊಳ್ಳುತ್ತದೆ. ಚಿತ್ರವು ಗೋಡೆಯ ಮೇಲಿರುವುದಲ್ಲ, ಗೋಡೆಯೇ ಚಿತ್ರವಾಗುತ್ತದೆ. ಅರೆತ್ಸೊವಿನ ಸಾನ್ ಫ್ರಾಂಚೆಸ್ಕೊ ದೇವಾಲಯದಲ್ಲಿ ಪಿಯೆರೊ ಜೆರೂಸಲೇಮ್ ನಗರವನ್ನು ಬರೆಯಬೇಕಾಗಿ ಬಂದಾಗ ಅರೆತ್ಸೊ ಪಟ್ಟಣವನ್ನೇ ಬರೆದನು. ಹೊರಗೆ ಕುಳಿತು ಆ ಊರಿನ ಮಾಡುಗಳನ್ನು ಚಿತ್ರಿಸಲು ಹೆಣಗಿದವನಿಗೆ, ಗೋಡೆಯ ಮೇಲಿನ ಅದೇ ಮಾಡುಗಳ ಬೆಲೆ ತಟ್ಟನೆ ತಿಳಿಯುತ್ತದೆ.

ಇಷ್ಟು ನೋಡುವುದರಿಂದ ಆಗುವುದೇನು ಎಂದು ಕೇಳುವವರು ಇರಬಹುದು. ಸಾನ್ ಸೆಪೋಲ್ಕ್ರೊ ಅದಕ್ಕೆ ಉತ್ತರ ಹೇಳುತ್ತದೆ. ಪಿಯೆರೊ ಹುಟ್ಟಿದ ಆ ಊರಿನಲ್ಲಿ ಅವನು ಬರೆದ ಕ್ರಿಸ್ತನ ಪುನರುತ್ಥಾನದ ಚಿತ್ರವಿದೆ. ಸಮಾಧಿಯ ಮುಂದೆ ಕಾವಲುಗಾರರು ಮಲಗಿದ್ದಾರೆ; ಕ್ರಿಸ್ತನು ನೆಟ್ಟನೋಟದಿಂದ ಎದ್ದು ನಿಂತಿದ್ದಾನೆ; ಒಂದು ಕಡೆಯ ಮರಗಳು ಬೋಳು, ಇನ್ನೊಂದು ಕಡೆಯವು ಚಿಗುರಿವೆ. 1944ರಲ್ಲಿ ಬ್ರಿಟಿಷ್ ಸೈನ್ಯದ ಟೋನಿ ಕ್ಲಾರ್ಕ್ ಎಂಬ ಯುವಕ ಅಧಿಕಾರಿಯ ಫಿರಂಗಿಗಳು ಈ ಊರಿನ ಮೇಲೆ ಗುಂಡಿನ ಮಳೆ ಕರೆಯತೊಡಗಿದ್ದುವು. ಊರಿನ ಹೆಸರು ಎಲ್ಲಿಯೋ ಕೇಳಿದಂತಿದೆಯಲ್ಲ ಎಂದು ಯೋಚಿಸಿದ ಆತನಿಗೆ, ಈ ಚಿತ್ರವನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಹೊಗಳಿ ಆಲ್ಡಸ್ ಹಕ್ಸ್ಲಿ ಬರೆದಿದ್ದ ಪ್ರಬಂಧವು ನೆನಪಾಯಿತು. ಚಿತ್ರವನ್ನು ಆತನು ಎಂದೂ ಕಂಡಿರಲಿಲ್ಲ. ಆದರೂ ಫಿರಂಗಿಗಳನ್ನು ನಿಲ್ಲಿಸಿದನು. ಶತ್ರುಗಳು ಮೊದಲೇ ಊರು ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಚಿತ್ರವೂ ಉಳಿಯಿತು, ಊರೂ ಉಳಿಯಿತು.

ಮೊಂಟೆರ್ಕಿಯ ಜನರಾದರೋ ಚಿತ್ರವನ್ನು ಕಾದುಕೊಂಡದ್ದು ಬೇರೆ ರೀತಿಯಲ್ಲಿ. ಅಲ್ಲಿರುವುದು ತುಂಬುಗರ್ಭಿಣಿಯಾದ ಮೇರಿಯ ಚಿತ್ರ. ಇಬ್ಬರು ದೇವದೂತರು ಡೇರೆಯ ತೆರೆಯನ್ನು ಸರಿಸಿ ಹಿಡಿದಿದ್ದಾರೆ. ಅವಳ ಕೈ ಹೊಟ್ಟೆಯ ಮೇಲಿದೆ. 1954ರಲ್ಲಿ ಫ್ಲಾರೆನ್ಸಿನ ಪ್ರದರ್ಶನಕ್ಕಾಗಿ ಇದನ್ನು ಕೇಳಿದಾಗ ಊರಿನವರು ಒಪ್ಪಲಿಲ್ಲ. ಸುಖಪ್ರಸವಕ್ಕಾಗಿ ಹರಕೆ ಹೊತ್ತು ಬರುವ ಬಸುರಿಯರು ಯಾರ ಮುಂದೆ ನಿಲ್ಲಬೇಕು ಎಂಬುದು ಅವರ ಪ್ರಶ್ನೆ. ಪಂಡಿತರಿಗೆ ಕಲಾಕೃತಿಯಾದುದು ಅವರಿಗೆ ಮನೆಯ ಹಿರಿಯಳಾಗಿದ್ದಳು.

ಒಬ್ಬನು ಓದಿ ಅರಿತಿದ್ದನು, ಇವರು ಬಾಳಿ ಅರಿತಿದ್ದರು. ಅರಿತವರು ಇದ್ದುದರಿಂದಲೇ ಆ ಚಿತ್ರಗಳು ತಮ್ಮ ನೆಲೆಯಲ್ಲಿ ಉಳಿದುವು. ರಜೆಯಲ್ಲಿ ನಾವು ಬರೆದ ಚಿತ್ರ ಸಾಮಾನ್ಯವಾಗಿರಬಹುದು, ಮನೆಗೆ ತಂದು ಪೆಟ್ಟಿಗೆಯ ತಳದಲ್ಲಿ ಇಡುವಂತಹದೂ ಆಗಬಹುದು. ಆದರೆ ಒಂದು ಮರದ ಮುಂದೆ ಎರಡು ಗಂಟೆ ಕುಳಿತು ಬಂದವನು ಆ ಮರವನ್ನು ಕಡಿಯುವಾಗ ಸುಮ್ಮನಿರಲಾರನು. ಊರೂರುಗಳಲ್ಲಿ ಇಂತಹ ಕಣ್ಣುಳ್ಳವರು ಹೆಚ್ಚಿದಷ್ಟೂ ಹಿಂದಿನವರು ನಮ್ಮ ಕೈಯಲ್ಲಿಟ್ಟುದು ಮುಂದಿನವರ ಕೈ ಸೇರುವುದೆಂಬ ಭರವಸೆ ನಮಗಿದೆ.