ಮಳೆನೀರಲ್ಲಿ ನಡೆದು ಬಂದಿರಾ? ಇಲಿಜ್ವರದ ಬಗ್ಗೆ ತಿಳಿದಿರಲಿ

2005ರ ಜುಲೈ 26ನ್ನು ಮುಂಬಯಿಯವರು ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿ ಉಕ್ಕಿತು, ರೈಲು ನಿಂತಿತು. ಜನ ಎದೆಮಟ್ಟದ ನೀರಿನಲ್ಲಿ ನಡೆದೇ ಮನೆ ಸೇರಿದರು. ನೀರೇನೋ ಇಳಿಯಿತು, ಆದರೆ ಕೆಲವು ದಿನಗಳಲ್ಲೇ ಆಸ್ಪತ್ರೆಗಳು ಜ್ವರದ ರೋಗಿಗಳಿಂದ ತುಂಬಿದವು. ಮಲೇರಿಯಾ, ಡೆಂಗಿ ಜೊತೆಗೆ ಹಲವರ ಪ್ರಾಣ ತೆಗೆದದ್ದು ಲೆಪ್ಟೋಸ್ಪೈರೋಸಿಸ್. ನಮ್ಮೂರ ಕಡೆ ಇದಕ್ಕೆ ಇಲಿಜ್ವರ ಅಂತಾರೆ.

ಇದು ಬರುವುದು ಹೇಗೆ? ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ವಾಸಿಸುತ್ತದೆ. ನಾಯಿ, ದನಗಳಲ್ಲೂ ಇರಬಹುದು. ಅವುಗಳ ಮೂತ್ರ ಗಟಾರದ ನೀರಿಗೆ ಸೇರುತ್ತದೆ. ಮಳೆಗೆ ಗಟಾರ ಉಕ್ಕಿದಾಗ ಅದೇ ನೀರು ರಸ್ತೆಗೆ ಬರುತ್ತದೆ. ನಿಮ್ಮ ಕಾಲಿನ ಸಣ್ಣ ಗಾಯ, ಒಡೆದ ಹಿಮ್ಮಡಿ ಸಾಕು, ರೋಗಾಣು ಒಳಗೆ ಹೋಗುತ್ತದೆ. ಕಣ್ಣು, ಮೂಗು, ಬಾಯಿಯ ಮೂಲಕವೂ ಹೋಗಬಹುದು. ಸೊಳ್ಳೆಯಿಂದ ಇದು ಹರಡುವುದಿಲ್ಲ, ರೋಗಿಯಿಂದ ಇನ್ನೊಬ್ಬರಿಗೆ ಅಂಟುವುದೂ ತೀರಾ ಅಪರೂಪ. ಆದ್ದರಿಂದ ರೋಗಿಯನ್ನು ದೂರ ಇಡಬೇಡಿ.

ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಲಕ್ಷಣ ಕಾಣಿಸುತ್ತದೆ, ಒಮ್ಮೊಮ್ಮೆ ತಿಂಗಳೂ ಆಗಬಹುದು. ಒಮ್ಮೆಲೇ ಜ್ವರ, ಚಳಿ, ತಲೆನೋವು. ಮೈಕೈ ನೋವು, ಅದರಲ್ಲೂ ಮೀನಖಂಡದಲ್ಲಿ ತುಂಬಾ ನೋವು. ಕಣ್ಣು ಕೆಂಪು. ಕೆಲವರಿಗೆ ಜ್ವರ ಬಿಟ್ಟಂತಾಗಿ ಮತ್ತೆ ಬರುತ್ತದೆ. ಆಗ ಲಿವರ್, ಕಿಡ್ನಿ, ಶ್ವಾಸಕೋಶಕ್ಕೆ ಪೆಟ್ಟು ಬೀಳಬಹುದು.

ಇಲ್ಲೇ ನಮ್ಮವರು ಎಡವುವುದು. ಕಣ್ಣು ಹಳದಿಯಾದ ಕೂಡಲೇ 'ಇದು ಕಾಮಾಲೆ, ಊರಿಗೆ ಹೋಗಿ ಬೇರು-ಸೊಪ್ಪಿನ ಮದ್ದು ಮಾಡಿಸೋಣ' ಅಂತ ರಾತ್ರಿ ಬಸ್ ಹತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇಗ ಆ್ಯಂಟಿಬಯಾಟಿಕ್ ಶುರುಮಾಡಿದರೆ ಗುಣವಾಗುವ ಕಾಯಿಲೆ ಇದು. ಕಳೆದುಹೋದ ಎರಡು ದಿನ ಕಿಡ್ನಿಯನ್ನೇ ಕೆಡಿಸಬಹುದು. ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ.

ಹಾಗಾದರೆ ತಡೆಯುವುದು ಹೇಗೆ?

ಹಿಂದ್‌ಮಾತಾ, ಕುರ್ಲಾ, ಸಯನ್‌ನಂಥ ಕಡೆ ನೀರು ನಿಂತಿದ್ದರೆ ಸಾಧ್ಯವಾದಷ್ಟು ಇಳಿಯಬೇಡಿ. ಇಳಿಯಲೇಬೇಕಾದರೆ ಗಮ್‌ಬೂಟು ಹಾಕಿ, ಗಾಯಕ್ಕೆ ನೀರು ತಾಗದಂತೆ ಪಟ್ಟಿ ಕಟ್ಟಿ. ಮನೆಗೆ ಬಂದೊಡನೆ ಸೋಪು ಹಚ್ಚಿ ಕಾಲು ತೊಳೆದು ಒರೆಸಿ.

ನೀರಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಾಣಬೇಕೆಂದು ಮುಂಬಯಿ ಮಹಾನಗರಪಾಲಿಕೆ ಮಳೆಗಾಲದಲ್ಲಿ ಹೇಳುತ್ತಲೇ ಬಂದಿದೆ. ರೋಗ ಬಾರದಂತೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಕಾಲಿಗೆ ಗಾಯವಿತ್ತೇ, ಎಷ್ಟು ಸಲ ನೀರಿಗಿಳಿದಿರಿ ಎಂಬುದರ ಮೇಲೆ ಪ್ರಮಾಣ ಬದಲಾಗುತ್ತದೆ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಬೇರೆ ಔಷಧ. ಹಾಗಾಗಿ ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ.

ಇನ್ನು ಇಲಿಗಳ ಮಾತು. ಚಾಳಿನ ಮೂಲೆಯಲ್ಲಿ, ಹೋಟೆಲಿನ ಹಿಂದೆ ಎಸೆದ ಅನ್ನವೇ ಅವುಗಳ ಊಟ. ಕಸದ ಡಬ್ಬಿಗೆ ಮುಚ್ಚಳ ಇರಲಿ. ನಮ್ಮೂರ ಎಷ್ಟೋ ಹುಡುಗರು ಇಲ್ಲಿನ ಹೋಟೆಲುಗಳಲ್ಲಿ ಬರಿಗಾಲಲ್ಲಿ ನಿಂತು ಪಾತ್ರೆ ತೊಳೆಯುತ್ತಾರೆ. ಮಾಲಕರು ಅವರಿಗೆ ಒಂದು ಜೊತೆ ಬೂಟು ಕೊಡಿಸಿದರೆ ಅದೇ ದೊಡ್ಡ ಮದ್ದು.

ಕೊನೆಗೊಂದು ಮಾತು. ಮಳೆಗಾಲದಲ್ಲಿ ಜ್ವರ ಬಂದು ದವಾಖಾನೆಗೆ ಹೋದರೆ, ಡಾಕ್ಟರ್ ಕೇಳುವ ಮೊದಲೇ ಹೇಳಿಬಿಡಿ: "ನಾನು ನೀರಲ್ಲಿ ನಡೆದಿದ್ದೆ." ಆ ಒಂದು ಮಾತಿನಿಂದ ರೋಗ ಬೇಗ ಪತ್ತೆಯಾಗಿ ಜೀವ ಉಳಿಯಬಹುದು.