ಹಳೇ ಮಿಲ್ಲಿನ ಜಾಗದಲ್ಲಿ ಕೊಪ್ಪರಿಗೆ ಉಂಟೇ?

ನೀವು ಪುತ್ತೂರು, ಸುಳ್ಯ, ಕಡಬದ ಕಡೆಯವರೇ? ಹಾಗಾದರೆ ಹಳೇ ಅಕ್ಕಿ ಮಿಲ್ಲು ಅಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಸುತ್ತಲಿನ ಮನೆಗಳ ಭತ್ತ ಅಲ್ಲಿಗೆ ಹೋಗಿ ಕುಚ್ಚಲಕ್ಕಿಯಾಗಿ ಮರಳುತ್ತಿತ್ತು. ಗದ್ದೆಗಳು ಅಡಿಕೆ ತೋಟವಾದ ಮೇಲೆ ಎಷ್ಟೋ ಮಿಲ್ಲುಗಳ ಬಾಗಿಲು ಮುಚ್ಚಿತು. ಈಗ ಉಳಿದಿರುವುದು ಮುರಕಲ್ಲಿನ ಗೋಡೆ, ಭತ್ತ ನೆನೆಹಾಕುತ್ತಿದ್ದ ತೊಟ್ಟಿ, ಅದರ ಮೇಲೆ ಹಬ್ಬಿದ ಬಳ್ಳಿ. ಅಂಥ ಜಾಗಕ್ಕೆ ಯಾರೋ ಲೋಹ ಪತ್ತೆಮಾಡುವ ಯಂತ್ರ ಹಿಡಿದು ಬಂದು, “ಅಕ್ಕಾ, ನಿಮ್ಮ ಜಾಗದ ಅಡಿಯಲ್ಲಿ ಏನೋ ಉಂಟು” ಅಂದರೆ ಎದೆ ಡವಡವ ಅನ್ನದೆ ಇದ್ದೀತೆ? ಸ್ವಲ್ಪ ತಾಳಿ. ಆ ಯಂತ್ರದ ಗುಟ್ಟು ಮೊದಲು ತಿಳಿದುಕೊಳ್ಳಿ.

ಕೀಂ ಅಂದದ್ದೆಲ್ಲ ಚಿನ್ನವಲ್ಲ

ಯಂತ್ರದ ಕೋಲಿನ ತುದಿಯಲ್ಲಿ ತಟ್ಟೆಯಂಥದೊಂದು ಇರುತ್ತದಲ್ಲ, ಅದರೊಳಗೆ ತಂತಿಯ ಸುರುಳಿ. ಅದರಲ್ಲಿ ವಿದ್ಯುತ್ ಹರಿದಾಗ ಸುತ್ತ ಕಾಂತದ ಪ್ರಭಾವ ಹುಟ್ಟುತ್ತದೆ. ಅಡಿಯಲ್ಲಿ ಲೋಹವಿದ್ದರೆ ಅದರಲ್ಲೂ ಸಣ್ಣಗೆ ವಿದ್ಯುತ್ ಎದ್ದು ಯಂತ್ರ ಸದ್ದು ಮಾಡುತ್ತದೆ. ಚಿನ್ನವೋ ಮೊಳೆಯೋ ಎಂಬುದು ಬರೀ ಅಂದಾಜು. ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್ ಸಾಹೇಬರೇ ಬೇಸ್ತು ಬಿದ್ದಿದ್ದರು! 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯಲ್ಲಿ ಹೊಕ್ಕ ಗುಂಡನ್ನು ಇಂಥದೇ ಉಪಕರಣದಿಂದ ಹುಡುಕಿದರು. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಉಪಕರಣವನ್ನು ದಾರಿ ತಪ್ಪಿಸಿದ್ದವು.

ನಮ್ಮ ಕಡೆ ಇನ್ನೊಂದು ತೊಡಕು. ಮುರಕಲ್ಲಿನಲ್ಲಿ, ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಹಾಗಾಗಿ ಏನೂ ಇಲ್ಲದ ಕಡೆಯೂ ಯಂತ್ರ ಕೂಗೀತು.

ದಂಗೆ, ಖಜಾನೆ, ಕಥೆ

ಹಾಗಾದರೆ ಕೊಪ್ಪರಿಗೆಯ ಮಾತು ಸುಮ್ಮನೆ ಹುಟ್ಟಿತೆ? ಈ ಸೀಮೆಗೆ ದೊಡ್ಡ ಚರಿತ್ರೆಯೇ ಇದೆ. 1834ರಲ್ಲಿ ಇಂಗ್ಲಿಷರು ಕೊಡಗನ್ನು ಕಸಿದುಕೊಂಡು, ಅದಕ್ಕೆ ಸೇರಿದ್ದ ಅಮರ ಸುಳ್ಯವನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಅಂದರು. ರೈತರ ಕೈಯಲ್ಲಿ ನಗದೆಲ್ಲಿತ್ತು? 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತನದಲ್ಲಿ ಜನ ಎದ್ದರು. ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು ಪುತ್ತೂರು ಹಾದು ಮಂಗಳೂರಿನವರೆಗೂ ಹೋದರು. ಖಜಾನೆ ಅಂದ ಮೇಲೆ ಕೊಪ್ಪರಿಗೆಯ ಕಥೆಗೆ ಬರವೆ? ಆದರೆ ಎಂಜಿನ್ ಮಿಲ್ಲುಗಳು ಬಂದದ್ದು ಅದೆಷ್ಟೋ ವರ್ಷಗಳ ನಂತರ.

ಸಿಗುವುದೇನು?

ಮಿಲ್ಲಿನ ಅಂಗಳದಲ್ಲಿ ಸಿಗಬಹುದಾದದ್ದು ಬೋಲ್ಟು, ನಟ್ಟು, ಗೋಣಿ ಹೊಲಿಯುವ ದಬ್ಬಣ, ಸೇರಿನ ಕಾಲದ ತೂಕದ ಕಲ್ಲು. ಅದೃಷ್ಟವಿದ್ದರೆ ಹಳೇ ನಾಣ್ಯ. 1943ರಿಂದ 1947ರವರೆಗೆ ಟಂಕಿಸಿದ ತೂತಿನ ಕಾಸು ನಿಮ್ಮ ಅತ್ತೆಯವರಿಗೆ ನೆನಪಿದ್ದೀತು, ಕೇಳಿ ನೋಡಿ. ರೂಪಾಯಿಗೆ ಅಂಥವು 64. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಆ ಲೆಕ್ಕ ಮುಗಿಯಿತು.

ಸಿಕ್ಕಿದರೆ ಹೀಗೆ ಮಾಡಿ

ಮೊದಲನೆಯದು: ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಹಿತ್ತಾಳೆ ಚೆಂಬಿಗೆ ಅದು ಸರಿ. ನಾಣ್ಯದ ಮೇಲಿನ ಹಸಿರು-ಕಪ್ಪು ಪದರ ಹೋದರೆ ಬೆಲೆಯೂ ಹೋಗುತ್ತದೆ, ಅಚ್ಚೂ ಸವೆಯುತ್ತದೆ. ಮಣ್ಣನ್ನು ಮೆಲ್ಲಗೆ ಉದುರಿಸಿ, ಕಾಗದದ ಲಕೋಟೆಯಲ್ಲಿಟ್ಟು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅಂತ ಬರೆದಿಡಿ.

ಎರಡನೆಯದು: ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂದು ಕಾನೂನೇ ಇದೆ. ನಮ್ಮ ರಾಜ್ಯದ ನಿಧಿ ಕಾಯ್ದೆ 1962ರದು. ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಬಚ್ಚಿಟ್ಟರೆ ತಪ್ಪಿತಸ್ಥರು ನೀವೇ ಆಗುತ್ತೀರಿ. ಇಂಗ್ಲೆಂಡಿನಲ್ಲಿ 2009ರಲ್ಲಿ ಒಬ್ಬಾತ ಯಂತ್ರದಿಂದಲೇ ಹೊಲವೊಂದರಲ್ಲಿ ಭಾರೀ ಚಿನ್ನದ ನಿಧಿ ಕಂಡ. ಸರಕಾರಕ್ಕೆ ತಿಳಿಸಿದ್ದರಿಂದಲೇ ಅವನಿಗೂ ಹೊಲದ ಯಜಮಾನನಿಗೂ ಸುಮಾರು 33 ಲಕ್ಷ ಪೌಂಡು ಸಮಪಾಲಾಗಿ ಸಿಕ್ಕಿತು.

ಮೂರನೆಯದು: ಮಕ್ಕಳನ್ನು ಅಲ್ಲಿಗೆ ಬಿಡಬೇಡಿ. ಬಳ್ಳಿ ಮುಚ್ಚಿದ ಬಾವಿ, ಶಿಥಿಲ ಗೋಡೆ, ಹಾವು ಎಲ್ಲವೂ ಇರಬಹುದು. ತುಕ್ಕು ಮೊಳೆ ಚುಚ್ಚಿದರೆ ಅರಸಿನ ಹಚ್ಚಿ ಸುಮ್ಮನಾಗದೆ ಡಾಕ್ಟರ ಹತ್ತಿರ ಹೋಗಿ, ಧನುರ್ವಾಯುವಿನ ಇಂಜೆಕ್ಷನ್ನು ಬೇಕೇ ಕೇಳಿ.

ಎಲ್ಲಕ್ಕಿಂತ ದೊಡ್ಡ ಮಾತು ಕೊನೆಯದು. ಯಂತ್ರ ಕೂಗಿದ ಮೇಲೆ ‘ನಿಧಿ ಕಾಯುವ ಶಕ್ತಿಗೆ ಪೂಜೆ ಆಗಬೇಕು, ನಿಮ್ಮ ಬಳೆ ಕೊಡಿ, ಹತ್ತು ಸಾವಿರ ಕೊಡಿ, ಯಜಮಾನರಿಗೆ ಹೇಳಬೇಡಿ’ ಅನ್ನುವವರೂ ಬರಬಹುದು. ನಿಧಿಯ ಹೆಸರಿನಲ್ಲಿ ಮಾಟ, ಅಮಾನುಷ ಆಚರಣೆ ನಡೆಸುವುದು ನಮ್ಮ ರಾಜ್ಯದ 2017ರ ಕಾಯ್ದೆಯ ಪ್ರಕಾರ ಅಪರಾಧ. ‘ಮನೆಯಲ್ಲಿ ಹೇಳಬೇಡಿ’ ಅಂದ ಕ್ಷಣವೇ ಮನೆಯವರನ್ನೆಲ್ಲ ಕರೆಯಿರಿ, ಪೊಲೀಸರಿಗೂ ತಿಳಿಸಿ. ನೆಲದಡಿಯ ಚಿನ್ನ ಇದೆಯೋ ಇಲ್ಲವೋ, ನಿಮ್ಮ ಕೈಯಲ್ಲಿರುವ ಎರಡು ಬಳೆ ಮಾತ್ರ ನಿಜ. ಅದನ್ನು ಜೋಪಾನ ಮಾಡಿ.